ಕೇಳುವ ಪುಸ್ತಕ, ಕೊಳ್ಳುವ ಅಂಗಡಿ

2008ರ ಜನವರಿ 31ರಂದು ಸಿಯಾಟಲ್‌ನ ಅಮೆಜಾನ್ ಕಂಪನಿ ಒಂದು ಪತ್ರಿಕಾ ಪ್ರಕಟಣೆ ಹೊರಡಿಸಿತು. ನ್ಯೂಜೆರ್ಸಿಯ ಆಡಿಬಲ್ ಎಂಬ ಆಡಿಯೋಬುಕ್ ಕಂಪನಿಯನ್ನು ಷೇರಿಗೆ 11.50 ಡಾಲರಿನಂತೆ, ಒಟ್ಟು ಸುಮಾರು 30 ಕೋಟಿ ಡಾಲರಿಗೆ ಕೊಂಡುಕೊಳ್ಳಲಿದ್ದೇವೆ ಎಂಬುದು ಅದರ ಸಾರ. ಮರುದಿನ ಆ ಸುದ್ದಿಯನ್ನು ವಿಚಾರಿಸುವವರೇ ಇರಲಿಲ್ಲ. ಫೆಬ್ರುವರಿ 1ರಂದು ಮೈಕ್ರೋಸಾಫ್ಟ್ 4,460 ಕೋಟಿ ಡಾಲರಿಗೆ ಯಾಹೂವನ್ನು ಕೇಳಿತ್ತು. ಪತ್ರಿಕೆಗಳ ವಾಣಿಜ್ಯ ಪುಟಗಳಲ್ಲಿ ವಾರಗಟ್ಟಲೆ ಅದರದೇ ಮಾತು. ಆ ದೊಡ್ಡ ವ್ಯವಹಾರ ಕೊನೆಗೂ ಕುದುರಲಿಲ್ಲ. ಯಾರೂ ಕಣ್ಣೆತ್ತಿ ನೋಡದ ಸಣ್ಣದು ಮಾತ್ರ ಮಾರ್ಚ್ ತಿಂಗಳಲ್ಲಿ ಸದ್ದಿಲ್ಲದೆ ಮುಗಿಯಿತು.

ಅಮೆಜಾನ್‌ಗೂ ಅದು ಸಣ್ಣದೇ. ಹಿಂದಿನ ವರ್ಷ, ಅಂದರೆ 2007ರಲ್ಲಿ, ಅದರ ಮಾರಾಟ 1,484 ಕೋಟಿ ಡಾಲರ್ ಮುಟ್ಟಿತ್ತು. ಆಡಿಬಲ್‌ಗೆ ತೆತ್ತದ್ದು ಅದರ ನೂರರಲ್ಲಿ ಎರಡು ಪಾಲು. ಆದರೆ ಆ ಎರಡು ಪಾಲಿಗೆ ಸಿಕ್ಕಿದ್ದು ಒಂದು ಕಂಪನಿಯಷ್ಟೇ ಅಲ್ಲ, ಹೆಚ್ಚುಕಡಿಮೆ ಒಂದು ಇಡೀ ಸಂತೆ. ಇಂಗ್ಲಿಷಿನಲ್ಲಿ ಪುಸ್ತಕವನ್ನು ಕೇಳಬೇಕೆನ್ನುವವನು, ಅದನ್ನು ಓದಿ ಹೇಳುವವನು, ಬರೆಯುವವನು, ಪ್ರಕಟಿಸುವವನು ಎಲ್ಲರೂ ಮುಂದಿನ ಹದಿನೈದು ವರ್ಷ ಆ ಒಂದೇ ಅಂಗಡಿಯ ಬಾಗಿಲಿನಿಂದ ಓಡಾಡಬೇಕಾಯಿತು.

ಅಂಗಡಿಯನ್ನು ಮಾರಿದ ಮನುಷ್ಯ ಡೊನಾಲ್ಡ್ ಕಾಟ್ಜ್. ಮೂಲತಃ ಅವರು ವ್ಯಾಪಾರಿಯಲ್ಲ, ಪತ್ರಕರ್ತ. ಷಿಕಾಗೋದಲ್ಲಿ ಬೆಳೆದು, ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಕಾದಂಬರಿಕಾರ ರಾಲ್ಫ್ ಎಲಿಸನ್ ಅವರ ಶಿಷ್ಯರಾಗಿದ್ದರು. ಅಮೆರಿಕದ ಸಾಹಿತ್ಯ ಹುಟ್ಟಿದ್ದು ಜನರ ಬಾಯಿಮಾತಿನಿಂದ, ಕಥೆ ಹೇಳುವವರ ದನಿಯಿಂದ ಎಂಬುದು ಎಲಿಸನ್ ಕಲಿಸಿದ ಪಾಠ ಎಂದು ಕಾಟ್ಜ್ ಆಮೇಲೆ ಮತ್ತೆ ಮತ್ತೆ ನೆನೆದಿದ್ದಾರೆ. ಕುಮಾರವ್ಯಾಸನನ್ನು ಓದಿದವರಿಗಿಂತ ಕೇಳಿದವರೇ ಹೆಚ್ಚಿರುವ ನಮಗೆ ಈ ಪಾಠವನ್ನು ಬಿಡಿಸಿ ಹೇಳಬೇಕಿಲ್ಲ. ‘ರೋಲಿಂಗ್ ಸ್ಟೋನ್’, ‘ಎಸ್ಕ್ವೈರ್’ ಮೊದಲಾದ ಪತ್ರಿಕೆಗಳಿಗೆ ದೀರ್ಘ ವರದಿಗಳನ್ನು ಬರೆದು ಹೆಸರು ಮಾಡಿದ ಕಾಟ್ಜ್, 1987ರಲ್ಲಿ ‘ದಿ ಬಿಗ್ ಸ್ಟೋರ್’ ಎಂಬ ದಪ್ಪ ಪುಸ್ತಕ ಪ್ರಕಟಿಸಿದರು. ಅದು ಸಿಯರ್ಸ್ ಕಂಪನಿಯ ಕಥೆ.

ಸಿಯರ್ಸ್ ಅಂದರೆ ಇಪ್ಪತ್ತನೆಯ ಶತಮಾನದ ಬಹುಭಾಗ ಅಮೆರಿಕದ ಅತಿದೊಡ್ಡ ಅಂಗಡಿಗಳಲ್ಲೊಂದು. ರೈಲ್ವೆಯಲ್ಲಿ ಕೆಲಸಕ್ಕಿದ್ದ ರಿಚರ್ಡ್ ಸಿಯರ್ಸ್ ಜೇಬುಗಡಿಯಾರ ಮಾರುತ್ತಾ ಶುರುಮಾಡಿದ ವ್ಯಾಪಾರ, ಅಂಚೆಯಲ್ಲಿ ಬರುವ ಕ್ಯಾಟಲಾಗಿನ ಮೂಲಕ ಹಳ್ಳಿಹಳ್ಳಿಯ ರೈತನ ಮನೆ ಹೊಕ್ಕಿತು. ಹೊಲಿಗೆಯಂತ್ರದಿಂದ ಹಿಡಿದು ಬಿಡಿಭಾಗಗಳಾಗಿ ಬಂದು ಜೋಡಿಸಿಕೊಳ್ಳುವ ಇಡೀ ಮನೆಯವರೆಗೆ ಅದರಲ್ಲಿ ಸಿಗದ ವಸ್ತುವಿರಲಿಲ್ಲ. ಕಾಣದ ಊರಿನ ಕಾಣದ ವ್ಯಾಪಾರಿಯನ್ನು ಜನ ನಂಬಿದ್ದು ಒಂದು ಭರವಸೆಯಿಂದ: ತೃಪ್ತಿಯಾಗದಿದ್ದರೆ ನಿಮ್ಮ ಹಣ ವಾಪಸ್. ಈ ಭರವಸೆಯನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು. ನಮ್ಮ ಕಥೆಯಲ್ಲಿ ಅದು ಇನ್ನೊಮ್ಮೆ ಬರುತ್ತದೆ. ಸಿಯರ್ಸ್ ತನ್ನ ದೊಡ್ಡ ಕ್ಯಾಟಲಾಗನ್ನು 1993ರಲ್ಲಿ ನಿಲ್ಲಿಸಿತು. ಮರುವರ್ಷ ಜೆಫ್ ಬೆಜೋಸ್ ಅಮೆಜಾನ್ ಕಟ್ಟಿದರು. ಅದು ಪುಸ್ತಕ ಮಾರಲು ಬಾಗಿಲು ತೆರೆದದ್ದು 1995ರಲ್ಲಿ. ಅದೇ ವರ್ಷ ಕಾಟ್ಜ್ ಬರವಣಿಗೆ ಬದಿಗಿಟ್ಟು ಆಡಿಬಲ್ ಶುರುಮಾಡಿದರು. ಹಿಂದಿನ ಶತಮಾನದ ದೊಡ್ಡ ಅಂಗಡಿಯನ್ನು ಒಳಹೊಕ್ಕು ನೋಡಿ ಬರೆದವರು, ಮುಂದಿನ ಶತಮಾನದ ದೊಡ್ಡ ಅಂಗಡಿಗೆ ತಮ್ಮ ಕಂಪನಿ ಮಾರಿದರು. ಇಂಥದ್ದನ್ನು ಕಾದಂಬರಿಯಲ್ಲಿ ಬರೆದರೆ ಅತಿಯಾಯಿತು ಅನ್ನುತ್ತೇವೆ.

ಕಾಟ್ಜ್ ಅವರಿಗೆ ಈ ಯೋಚನೆ ಹೊಳೆದದ್ದು ಓಡುವಾಗ. ನ್ಯೂಯಾರ್ಕಿನ ರಿವರ್‌ಸೈಡ್ ಪಾರ್ಕಿನಲ್ಲಿ ಜಾಗಿಂಗ್ ಮಾಡುತ್ತಾ ಅವರು ಬಾಡಿಗೆಗೆ ತಂದ ಕ್ಯಾಸೆಟ್‌ಗಳಲ್ಲಿ ಪುಸ್ತಕ ಕೇಳುತ್ತಿದ್ದರು. ಕ್ಯಾಸೆಟ್ ಮುಗಿದರೆ ನಿಲ್ಲಬೇಕು, ತಿರುಗಿಸಬೇಕು, ಇನ್ನೊಂದು ಹಾಕಬೇಕು. ಒಂದು ದೊಡ್ಡ ಕಾದಂಬರಿಗೆ ಹತ್ತು ಹದಿನೈದು ಕ್ಯಾಸೆಟ್.

ಈ ತೊಡಕಿಗೆ ಹಳೆಯ ಇತಿಹಾಸವಿದೆ. ಎಡಿಸನ್ 1877ರಲ್ಲಿ ಫೋನೋಗ್ರಾಫ್ ಮಾಡಿದಾಗ, ಅದರಿಂದ ಏನೇನು ಮಾಡಬಹುದೆಂದು ಮರುವರ್ಷ ಒಂದು ಪತ್ರಿಕೆಗೆ ಪಟ್ಟಿ ಬರೆದುಕೊಟ್ಟರು. ಅಂಧರಿಗೆ ಮಾತಾಡುವ ಪುಸ್ತಕ ಎಂಬುದು ಆ ಪಟ್ಟಿಯ ಮೇಲ್ಭಾಗದಲ್ಲೇ ಇತ್ತು; ಸಂಗೀತ ಅದಕ್ಕಿಂತ ಕೆಳಗೆ. ಆದರೆ ಆಗಿನ ಉರುಳೆಯಲ್ಲಿ ಕೆಲವೇ ನಿಮಿಷ ಹಿಡಿಯುತ್ತಿತ್ತು, ಪುಸ್ತಕ ಎಲ್ಲಿಂದ ಹಿಡಿಸೀತು? 1931ರಲ್ಲಿ ಅಮೆರಿಕದ ಸಂಸತ್ತು ಅಂಧರ ಪುಸ್ತಕಗಳಿಗೆಂದೇ ಕಾನೂನು ಮಾಡಿ ಹಣ ಕೊಟ್ಟಿತು. ಕೆಲವೇ ವರ್ಷಗಳಲ್ಲಿ ನಿಮಿಷಕ್ಕೆ ಮೂವತ್ತಮೂರು ಚಿಲ್ಲರೆ ಸುತ್ತು ತಿರುಗುವ ರೆಕಾರ್ಡುಗಳ ಮೇಲೆ ಇಡೀ ಪುಸ್ತಕಗಳು ಬಂದವು. ಸಂಗೀತದ ಎಲ್‌ಪಿ ರೆಕಾರ್ಡು ಪೇಟೆಗೆ ಬಂದದ್ದು 1948ರಲ್ಲಿ. ಅಂದರೆ ಈ ವಿಷಯದಲ್ಲಿ ಕಣ್ಣಿಲ್ಲದವರು ಉಳಿದವರಿಗಿಂತ ಹತ್ತು ಹದಿನೈದು ವರ್ಷ ಮುಂದಿದ್ದರು. 1952ರಲ್ಲಿ ನ್ಯೂಯಾರ್ಕಿನ ಇಬ್ಬರು ಎಳೆಯ ಹೆಣ್ಣುಮಕ್ಕಳು, ಬಾರ್ಬರಾ ಕೋಹೆನ್ ಮತ್ತು ಮರಿಯಾನ್ ರೋನಿ, ಕವಿ ಡೈಲನ್ ಥಾಮಸ್‌ರನ್ನು ಹಿಡಿದು ಅವರ ದನಿ ಮುದ್ರಿಸಿ ಕೇಡ್ಮನ್ ಕಂಪನಿ ಕಟ್ಟಿದರು. ಅದು ಚೆನ್ನಾಗಿ ನಡೆಯಿತು. ಆದರೂ ಅದು ಕವಿತೆಗೆ, ಸಣ್ಣಕಥೆಗೆ ಒಗ್ಗುವ ವ್ಯಾಪಾರವಾಗಿತ್ತು.

ಇಡೀ ಪುಸ್ತಕವನ್ನು ಸಾಮಾನ್ಯ ಜನರ ಕಿವಿಗೆ ತಂದವರು ಡುವಾಲ್ ಹೆಕ್ಟ್. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ದೋಣಿ ಸ್ಪರ್ಧೆಯ ಚಿನ್ನ ಗೆದ್ದ ಆಳು. ಕ್ಯಾಲಿಫೋರ್ನಿಯಾದಲ್ಲಿ ದಿನಾ ಲಾಸ್ ಏಂಜಲಿಸ್‌ಗೆ ಕಾರು ಓಡಿಸಿಕೊಂಡು ಕೆಲಸಕ್ಕೆ ಹೋಗಿಬರುವ ಬೇಸರ ತಾಳಲಾರದೆ 1975ರಲ್ಲಿ ‘ಬುಕ್ಸ್ ಆನ್ ಟೇಪ್’ ಆರಂಭಿಸಿ, ಕ್ಯಾಸೆಟ್‌ಗಳನ್ನು ಅಂಚೆಯಲ್ಲಿ ಬಾಡಿಗೆಗೆ ಕಳಿಸತೊಡಗಿದರು. ಆಮೇಲೆ ದೊಡ್ಡ ಪ್ರಕಾಶಕರೂ ಈ ಪೇಟೆಗೆ ಇಳಿದರು, ಆದರೆ ಅವರದು ಬೇರೆ ಹಾದಿ. ಪುಸ್ತಕದ ಅಂಗಡಿಯ ಕಪಾಟಿನಲ್ಲಿ ಹದಿನೈದು ಕ್ಯಾಸೆಟ್‌ಗಳ ಪೆಟ್ಟಿಗೆಗೆ ಜಾಗವಿಲ್ಲ, ಅಷ್ಟು ದುಡ್ಡು ಕೊಡುವವರೂ ಇಲ್ಲ. ಹಾಗಾಗಿ ಐನೂರು ಪುಟದ ಕಾದಂಬರಿಯನ್ನು ಕತ್ತರಿಸಿ ಎರಡು ಕ್ಯಾಸೆಟ್, ಮೂರು ಗಂಟೆಗೆ ಇಳಿಸಿದರು. ಕಥೆ ಎಲ್ಲಿ ನಿಲ್ಲಬೇಕೆಂದು ಲೇಖಕನಲ್ಲ, ಕಪಾಟಿನ ಅಗಲ ತೀರ್ಮಾನಿಸುತ್ತಿತ್ತು. ಆಡಿಬಲ್ ಬಗ್ಗೆ ಮುಂದೆ ಎಷ್ಟೇ ಕಟುವಾಗಿ ಬರೆಯಬೇಕಾಗಿ ಬಂದರೂ, ಈ ಕತ್ತರಿಯನ್ನು ಕಿತ್ತೆಸೆದ ಶ್ರೇಯಸ್ಸನ್ನು ಅದಕ್ಕೆ ಕೊಡಲೇಬೇಕು. ಫೈಲಿಗೆ ಕಪಾಟು ಬೇಡ. ಮೂರು ಗಂಟೆಯದೂ ಮೂವತ್ತು ಗಂಟೆಯದೂ ಅಲ್ಲಿ ಒಂದೇ.

1997ರ ಕೊನೆಯಲ್ಲಿ ಆಡಿಬಲ್ ತನ್ನದೇ ಒಂದು ಯಂತ್ರ ಹೊರತಂದಿತು. ‘ಮೊಬೈಲ್‌ಪ್ಲೇಯರ್’ ಎಂದು ಹೆಸರು. ಅಂಗೈಯಲ್ಲಿ ಹಿಡಿಸುವ ಗಾತ್ರ, ಬೆಲೆ ಇನ್ನೂರು ಡಾಲರ್ ಆಸುಪಾಸು, ಒಳಗೆ ಎರಡು ಗಂಟೆ ಧ್ವನಿಗಷ್ಟೇ ಜಾಗ. ಕಂಪ್ಯೂಟರಿಗೆ ಚುಚ್ಚಿ, ಟೆಲಿಫೋನ್ ತಂತಿಯ ಮೋಡೆಮ್ಮಿನಿಂದ ಇಳಿಸಿಕೊಳ್ಳಬೇಕು. ದನಿ ಟೆಲಿಫೋನಿನಲ್ಲಿ ಕೇಳಿದ ಹಾಗೆ. ಎಂಪಿ3 ಪೇಟೆಯಲ್ಲಿ ಸದ್ದು ಮಾಡಿದ ರಿಯೋ ಪ್ಲೇಯರ್ ಬಂದದ್ದು 1998ರಲ್ಲಿ, ಐಪಾಡ್ 2001ರಲ್ಲಿ. ಜೇಬಿನಲ್ಲಿಟ್ಟುಕೊಂಡು ಇಂಟರ್ನೆಟ್ಟಿನಿಂದ ಬಂದದ್ದನ್ನು ಕೇಳುವುದನ್ನು ಈ ಸಣ್ಣ ಕಂಪನಿ ಎಲ್ಲರಿಗಿಂತ ಮೊದಲೇ ಮಾಡಿ ತೋರಿಸಿತ್ತು. ಜನ ಕೊಳ್ಳಲಿಲ್ಲ, ಅದು ಬೇರೆ ಮಾತು.

1999ರ ಜುಲೈನಲ್ಲಿ ಆಡಿಬಲ್ ನಾಸ್‌ಡಾಕ್ ಷೇರುಪೇಟೆಗೆ ಬಂತು. ಡಾಟ್‌ಕಾಮ್ ಜ್ವರ ಏರಿದ್ದ ಕಾಲ. ಅಕ್ಟೋಬರ್‌ನಲ್ಲಿ ಕಂಪನಿಯ ಮುಖ್ಯಾಧಿಕಾರಿ ಆಂಡ್ರ್ಯೂ ಹಫ್‌ಮನ್ ಹೃದಯಾಘಾತದಿಂದ ತೀರಿಕೊಂಡರು, ನಲವತ್ತೂ ತುಂಬಿರಲಿಲ್ಲ. 2000ದ ಜನವರಿಯಲ್ಲಿ ಅಮೆಜಾನ್ ಮೊದಲ ಬಾರಿಗೆ ಕೈಹಾಕಿತು. ಅದು ನಡೆದ ರೀತಿ ಆ ಕಾಲಕ್ಕೆ ತಕ್ಕಂತಿದೆ. ಅಮೆಜಾನ್‌ಗೆ ಆಡಿಬಲ್‌ನಲ್ಲಿ ಶೇ 5ರ ಪಾಲು. ಅಮೆಜಾನ್ ತಾಣದಲ್ಲಿ ಜಾಗ ಪಡೆದದ್ದಕ್ಕೆ ಆಡಿಬಲ್ ಮೂರು ವರ್ಷದಲ್ಲಿ 3 ಕೋಟಿ ಡಾಲರ್ ತೆರಬೇಕು. ಪಾಲೂ ಇವರದು, ಬಾಡಿಗೆಯೂ ಇವರಿಗೇ. ಆಗ ಅಮೆಜಾನ್ ಹಲವು ಸಣ್ಣ ಕಂಪನಿಗಳೊಂದಿಗೆ ಇಂಥದೇ ಕರಾರು ಮಾಡಿಕೊಂಡಿತ್ತು. ಪೀಠೋಪಕರಣ ಮಾರುವ ಲಿವಿಂಗ್ ಡಾಟ್‌ಕಾಮ್ ಆ ವರ್ಷದ ಆಗಸ್ಟ್‌ನಲ್ಲೇ ಬಾಗಿಲು ಹಾಕಿತು. ಆಡಿಬಲ್ ಹೇಗೋ ಉಸಿರು ಹಿಡಿದುಕೊಂಡಿತು. ಗುಳ್ಳೆ ಒಡೆದ ಮೇಲೆ ಅದರ ಷೇರು ಡಾಲರುಗಳಿಂದ ಸೆಂಟ್‌ಗಳ ಲೆಕ್ಕಕ್ಕೆ ಇಳಿಯಿತು.

ಅದನ್ನು ಉಳಿಸಿದ್ದು ಎರಡು ಸಂಗತಿ. ಒಂದು, ತಿಂಗಳ ಚಂದಾ. ತಿಂಗಳಿಗೆ ಹದಿನೈದು ಡಾಲರ್ ಆಸುಪಾಸು ಕಟ್ಟಿದರೆ ಒಂದು ‘ಕ್ರೆಡಿಟ್’, ಒಂದು ಕ್ರೆಡಿಟ್ಟಿಗೆ ಯಾವುದಾದರೂ ಒಂದು ಪುಸ್ತಕ. ಅಂಗಡಿಯಲ್ಲಿ ಅದೇ ಪುಸ್ತಕದ ಸಿಡಿಗಳಿಗೆ ಇದರ ಎರಡು ಮೂರು ಪಟ್ಟು ಬೆಲೆ. ಇನ್ನೊಂದು, ಆಪಲ್. 2002ರ ಐಟ್ಯೂನ್ಸಿನಲ್ಲಿ ಆಡಿಬಲ್ ಫೈಲುಗಳನ್ನು ಕೇಳಬಹುದಾಯಿತು. 2003ರ ಅಕ್ಟೋಬರ್‌ನಲ್ಲಿ ಐಟ್ಯೂನ್ಸ್ ವಿಂಡೋಸ್‌ಗೆ ಬಂದಾಗ ಅಲ್ಲಿ ಆಡಿಯೋಬುಕ್ ಮಾರುವ ಹಕ್ಕು ಆಡಿಬಲ್‌ಗೆ, ಆಡಿಬಲ್‌ಗೆ ಮಾತ್ರ, ಸಿಕ್ಕಿತು. ತನ್ನ ಯಂತ್ರ ಯಾರೂ ಕೊಳ್ಳಲಿಲ್ಲವೆಂದು ಕೊರಗಿದ ಕಂಪನಿಗೆ ಈಗ ಜಗತ್ತಿನ ಪ್ರತಿ ಐಪಾಡೂ ತನ್ನದೇ ಯಂತ್ರವಾಯಿತು.

2007ರಲ್ಲಿ ಕಾಟ್ಜ್ ಕಂಪನಿಯನ್ನು ವೇನ್ ಎಂಬ ಊರಿನಿಂದ ನೂಆರ್ಕ್ ನಗರಕ್ಕೆ ಸಾಗಿಸಿದರು. 1967ರ ಗಲಭೆಯ ಗಾಯ ಮಾಯದ, ಉದ್ಯೋಗವೆಲ್ಲ ಊರು ಬಿಟ್ಟುಹೋದ ನಗರ ಅದು. ಬಂಡವಾಳಗಾರರು ಅತ್ತ ತಲೆಹಾಕುತ್ತಿರಲಿಲ್ಲ. ಇದು ಬರೀ ತೋರಿಕೆಯ ಉಪಕಾರವಾಗಿರಲಿಲ್ಲ. ಆಡಿಬಲ್ ಅಲ್ಲೇ ಬೇರುಬಿಟ್ಟಿತು, ಮುಂದೆ ಒಂದು ಹಳೆಯ ಚರ್ಚ್ ಕಟ್ಟಡವನ್ನೇ ದುರಸ್ತಿ ಮಾಡಿಸಿ 2019ರಲ್ಲಿ ತಂತ್ರಜ್ಞರಿಗೆ ಕಚೇರಿ ಮಾಡಿಕೊಟ್ಟಿತು. ಮಾರಾಟವಾದ ಮೇಲೂ ಕಾಟ್ಜ್ ಅವರೇ ಮುಖ್ಯಾಧಿಕಾರಿಯಾಗಿ 2020ರವರೆಗೆ ಮುಂದುವರಿದರು. ಸಿಯಾಟಲ್ ದೂರದಿಂದಲೇ ಲಗಾಮು ಹಿಡಿದಿತ್ತು.

ಅಮೆಜಾನ್ ಏಕೆ ಕೊಂಡಿತು? 2007ರ ಮೇ ತಿಂಗಳಲ್ಲಿ ಅದು ಮಿಷಿಗನ್‌ನ ಬ್ರಿಲಿಯನ್ಸ್ ಆಡಿಯೋ ಎಂಬ ಪ್ರಕಾಶನವನ್ನು ಖರೀದಿಸಿತ್ತು. ನವೆಂಬರ್‌ನಲ್ಲಿ ಅದರ ಇ-ಪುಸ್ತಕ ಓದುವ ಯಂತ್ರ, 399 ಡಾಲರಿನ ಕಿಂಡಲ್, ಬಿಡುಗಡೆಯಾಗಿತ್ತು, ಅದಕ್ಕೆ ಹೆಡ್‌ಫೋನ್ ಸಿಕ್ಕಿಸುವ ತೂತೂ ಇತ್ತು. ಆಡಿಬಲ್ ಬಳಿ ಆಗ 80,000ಕ್ಕೂ ಹೆಚ್ಚು ಧ್ವನಿಮುದ್ರಣಗಳು. ಇವೆಲ್ಲ ಹೊರಗೆ ಕಾಣುವ ಕಾರಣ. ಒಳಗಿನದು ಬೇರೆ. ಆಡಿಬಲ್ ಫೈಲುಗಳಿಗೆ ಡಿಆರ್‌ಎಂ ಎಂಬ ಡಿಜಿಟಲ್ ಬೀಗವಿತ್ತು. ನೂರು ಪುಸ್ತಕ ಕೊಂಡವನು ಬೇರೆ ಅಂಗಡಿಗೆ ಹೋಗಬೇಕೆಂದರೆ ಆ ನೂರನ್ನೂ ಇಲ್ಲೇ ಬಿಟ್ಟುಹೋಗಬೇಕು. ಆಪಲ್‌ನ ಐಟ್ಯೂನ್ಸಿನಲ್ಲೂ ಬೀಗವಿತ್ತು, ಸರಬರಾಜುದಾರನೂ ಇದೇ ಆಡಿಬಲ್. ಹೀಗೆ ತನ್ನ ಪ್ರತಿಸ್ಪರ್ಧಿಯ ಅಂಗಡಿಯಲ್ಲಿ ನಡೆಯುವ ವ್ಯಾಪಾರಕ್ಕೂ ಅಮೆಜಾನ್ ಒಡೆಯನಾಯಿತು.

ಬೀಗದ ಪ್ರಶ್ನೆಯಲ್ಲಿ 2008ರ ಆರಂಭ ನಿಜವಾಗಿ ಒಂದು ಕವಲುದಾರಿ. ಹಾಗೆಂದು ಆಗ ಕಂಡವರು ಕಡಿಮೆ. ಸಂಗೀತದಲ್ಲಿ ಅಮೆಜಾನ್ ಅದಕ್ಕೆ ನಾಲ್ಕು ತಿಂಗಳ ಮುಂಚೆಯಷ್ಟೇ, 2007ರ ಸೆಪ್ಟೆಂಬರ್‌ನಲ್ಲಿ, ಬೀಗವಿಲ್ಲದ ಎಂಪಿ3 ಮಾರತೊಡಗಿ ಆಪಲ್‌ಗೆ ಸವಾಲು ಹಾಕಿತ್ತು. ಖರೀದಿ ಪ್ರಕಟವಾದ ಕೆಲವೇ ವಾರಕ್ಕೆ ರ‍್ಯಾಂಡಮ್ ಹೌಸ್ ಪ್ರಕಾಶನ ತನ್ನ ಆಡಿಯೋಬುಕ್‌ಗಳಿಗೂ ಬೀಗ ಕಡ್ಡಾಯವಲ್ಲ ಎಂದಿತು. ಬೀಗವಿಲ್ಲದೆ ಮಾರಿ ನೋಡಿದ ಅದಕ್ಕೆ ಕಳ್ಳತನ ಹೆಚ್ಚಾದದ್ದೇನೂ ಕಾಣಲಿಲ್ಲ. ಪ್ರಕಾಶಕ ಒಪ್ಪಿದ್ದಾನೆ, ಹೊಸ ಒಡೆಯನಿಗೆ ಬೀಗವಿಲ್ಲದೆ ಮಾರುವ ಅನುಭವವಿದೆ. ಬೀಗ ತೆಗೆಯಲು ಇದಕ್ಕಿಂತ ಒಳ್ಳೆಯ ಗಳಿಗೆ ಬರುವಂತಿರಲಿಲ್ಲ. ಅಮೆಜಾನ್ ತೆಗೆಯಲಿಲ್ಲ. ಸಂಗೀತದಲ್ಲಿ ಅದು ಎರಡನೆಯವನು, ಬೀಗ ಮುರಿದರೆ ಲಾಭ. ಆಡಿಯೋಬುಕ್ಕಿನಲ್ಲಿ ಮೊದಲನೆಯವನು, ಬೀಗ ಉಳಿದರೆ ಲಾಭ. ತತ್ತ್ವದ ಮಾತು ಎರಡೂ ಕಡೆ ಇರಲಿಲ್ಲ. ಕಾದಂಬರಿಕಾರ ಕೋರಿ ಡಾಕ್ಟರೋವ್ ಬೀಗವಿದ್ದಲ್ಲಿ ತಮ್ಮ ಪುಸ್ತಕ ಮಾರುವುದಿಲ್ಲವೆಂದು ಹಟ ಹಿಡಿದರು. ಅವರ ಆಡಿಯೋಬುಕ್‌ಗಳು ಆಡಿಬಲ್‌ನಿಂದ ಹೊರಗೇ ಉಳಿದವು.

ಒಂದು ವರ್ಷ ಕಳೆದು, 2009ರ ಫೆಬ್ರುವರಿಯಲ್ಲಿ ಎರಡನೆಯ ಕಿಂಡಲ್ ಬಂತು. ಅದು ಯಾವ ಪುಸ್ತಕವನ್ನಾದರೂ ಯಂತ್ರದ ದನಿಯಲ್ಲಿ ಓದಿ ಹೇಳುತ್ತಿತ್ತು. ಆ ದನಿ ಒಣಕಲು, ಭಾವವಿಲ್ಲದ್ದು. ಆದರೂ ಅಮೆರಿಕದ ಲೇಖಕರ ಸಂಘ ಎದ್ದುನಿಂತಿತು: ಆಡಿಯೋಬುಕ್ ಹಕ್ಕನ್ನು ನಾವು ಪ್ರತ್ಯೇಕವಾಗಿ ಮಾರುತ್ತೇವೆ, ಇದು ಅದನ್ನು ಪುಕ್ಕಟೆ ಕಿತ್ತುಕೊಳ್ಳುವುದು ಎಂದಿತು. ತಿಂಗಳೊಳಗೆ ಅಮೆಜಾನ್ ಹಿಂದೆ ಸರಿದು, ಪುಸ್ತಕ ಓದಿಸಬೇಕೋ ಬೇಡವೋ ಎಂಬ ತೀರ್ಮಾನವನ್ನು ಹಕ್ಕುದಾರರಿಗೆ ಬಿಟ್ಟಿತು. ದೃಷ್ಟಿಯಿಲ್ಲದ ಓದುಗರು ಇದರಿಂದ ನೊಂದರು. ಎಡಿಸನ್ನರ ಪಟ್ಟಿಯ ಮೇಲ್ಭಾಗದಲ್ಲೇ ನೆನಪಾದವರು ಈ ಜಗಳದಲ್ಲಿ ಕೊನೆಗೂ ಯಾರಿಗೂ ನೆನಪಾಗಲಿಲ್ಲ.

2011ರಲ್ಲಿ ಬಂದ ಆಡಿಬಲ್‌ನ ಎಸಿಎಕ್ಸ್ ಎಂಬ ಏರ್ಪಾಡು ಈ ಇತಿಹಾಸದ ನಿಜವಾದ ತಿರುವು. ಪ್ರಕಾಶಕರ ಹಂಗಿಲ್ಲದೆ ಲೇಖಕ ನೇರವಾಗಿ ಓದಿ ಹೇಳುವವನನ್ನು ಹುಡುಕಿಕೊಳ್ಳಬಹುದು. ಕೈಯಲ್ಲಿ ದುಡ್ಡಿಲ್ಲದಿದ್ದರೆ ಬರುವ ರಾಯಲ್ಟಿಯನ್ನು ಅವನೊಂದಿಗೆ ಹಂಚಿಕೊಳ್ಳಬಹುದು. ಮನೆಯ ಬಟ್ಟೆಬೀರುವಿನೊಳಗೆ ಮೈಕ್ ಕಟ್ಟಿಕೊಂಡು ಕೂತ ನಟರ ಒಂದು ಹೊಸ ಕಸುಬೇ ಹುಟ್ಟಿತು. ಎಸಿಎಕ್ಸ್ ಆರಂಭದ ದರವೂ ಉದಾರ: ಆಡಿಬಲ್‌ಗೇ ಮೀಸಲು ಕೊಟ್ಟರೆ ಶೇ 50ರಿಂದ ಶುರು, ಮಾರಾಟ ಏರಿದಂತೆ ಶೇ 90ರವರೆಗೆ. ಜನ ಮುಗಿಬಿದ್ದರು, ಏಳು ವರ್ಷದ ಮೀಸಲು ಕರಾರಿಗೆ ಸಹಿ ಹಾಕಿದರು. 2014ರ ಮಾರ್ಚ್‌ನಲ್ಲಿ ಹೊಸ ದರ ಬಂತು. ಮೀಸಲಿಗೆ ಶೇ 40, ಅಷ್ಟೇ. ಮೀಸಲಲ್ಲದಿದ್ದರೆ ಶೇ 25. ಮುದ್ರಣದ ಖರ್ಚಿಲ್ಲ, ಗೋದಾಮಿಲ್ಲ, ಧ್ವನಿಮುದ್ರಣದ ಖರ್ಚೂ ಬರೆದವನದೋ ಓದಿದವನದೋ. ಆದರೂ ನೂರರಲ್ಲಿ ಅರವತ್ತು ಅಂಗಡಿಗೆ.

ಅಂಗಡಿಯ ಈ ಹಿಡಿತವನ್ನು ಯುರೋಪಿನಲ್ಲಿ ಮಾತ್ರ ಯಾರೋ ಪ್ರಶ್ನಿಸಿದರು. ಜರ್ಮನಿಯ ಪುಸ್ತಕೋದ್ಯಮಿಗಳ ಸಂಘ ಆಪಲ್ ಮತ್ತು ಆಡಿಬಲ್ ನಡುವಣ ಏಕಸ್ವಾಮ್ಯದ ಕರಾರಿನ ಮೇಲೆ ದೂರು ಕೊಟ್ಟಿತು. ವಿಚಾರಣೆ ಬಿಗಿಯಾಗುತ್ತಿದ್ದಂತೆ 2017ರ ಜನವರಿಯಲ್ಲಿ ಎರಡೂ ಕಂಪನಿಗಳು ಆ ಕರಾರನ್ನು ಕೈಬಿಟ್ಟವು. ಮರುವರ್ಷ ನವೆಂಬರ್‌ನಲ್ಲಿ ಆಡಿಬಲ್ ಭಾರತಕ್ಕೆ ಬಂತು, ಬಂದದ್ದು ಮುಖ್ಯವಾಗಿ ಇಂಗ್ಲಿಷಿನೊಂದಿಗೆ. ಕನ್ನಡದ ಕೇಳುಗನನ್ನು ಹುಡುಕಿಕೊಂಡು ಹೋಗುವ ಕೆಲಸ ಮೈಲ್ಯಾಂಗ್‌ನಂಥ ಇಲ್ಲಿಯವರ ಪ್ರಯತ್ನಗಳಿಗೆ ಉಳಿಯಿತು.

ಈಗ ಸಿಯರ್ಸ್‌ನ ಆ ಹಳೆಯ ಭರವಸೆಗೆ ಬರೋಣ. ಪುಸ್ತಕ ಇಷ್ಟವಾಗದಿದ್ದರೆ ಆಡಿಬಲ್ ಸದಸ್ಯ ಅದನ್ನು ವಾಪಸ್ ಕೊಟ್ಟು ಕ್ರೆಡಿಟ್ ಮರಳಿ ಪಡೆಯಬಹುದಿತ್ತು. ಕೊಂಡು 365 ದಿನದವರೆಗೆ. ಕೊನೆಯ ಪುಟದವರೆಗೆ ಕೇಳಿ ಮುಗಿಸಿದ್ದರೂ ಸರಿ. ಸದಸ್ಯತ್ವದ ಸವಲತ್ತು ಎಂದು ಇದನ್ನು ಕಂಪನಿ ಸಾರಿ ಹೇಳುತ್ತಿತ್ತು. ಸಿಯರ್ಸ್‌ನಲ್ಲಿ ಕೊಡಲಿ ವಾಪಸ್ ಬಂದರೆ ಕೊಡಲಿ ಅಂಗಡಿಗೆ ಸೇರುತ್ತಿತ್ತು, ನಷ್ಟ ಬಹುಪಾಲು ಅಂಗಡಿಯದು. ಆಡಿಬಲ್‌ನಲ್ಲಿ ಪುಸ್ತಕ ವಾಪಸ್ ಬಂದರೆ, ಲೇಖಕನಿಗೂ ಓದಿದವನಿಗೂ ಸಂದಿದ್ದ ರಾಯಲ್ಟಿಯನ್ನು ಅವರ ಖಾತೆಯಿಂದ ಕಳೆಯಲಾಗುತ್ತಿತ್ತು. ಕಳೆದದ್ದು ಕಾಣುತ್ತಲೂ ಇರಲಿಲ್ಲ, ಏಕೆಂದರೆ ಲೆಕ್ಕಪತ್ರದಲ್ಲಿ ತೋರಿಸುತ್ತಿದ್ದದ್ದು ಕಳೆದು ಉಳಿದ ಸಂಖ್ಯೆ ಮಾತ್ರ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಗಿರಾಕಿ ಮಾತ್ರ ಸಂತುಷ್ಟ.

2020ರ ಅಕ್ಟೋಬರ್‌ನಲ್ಲಿ ಲೆಕ್ಕದ ವ್ಯವಸ್ಥೆಯಲ್ಲಿ ಏನೋ ಎಡವಟ್ಟಾಗಿ, ವಾರಗಟ್ಟಲೆಯ ವಾಪಸಾತಿ ಒಂದೇ ದಿನ ಲೇಖಕರ ಪುಟಗಳಲ್ಲಿ ಋಣಸಂಖ್ಯೆಯಾಗಿ ಮೂಡಿತು. ಎಷ್ಟು ಹಣ ಹೀಗೆ ಹೋಗುತ್ತಿದೆಯೆಂದು ಅವರು ಮೊದಲ ಬಾರಿಗೆ ಕಣ್ಣಾರೆ ಕಂಡರು. ಲೇಖಕರ ಸಂಘಗಳು ಸಹಿ ಸಂಗ್ರಹಿಸಿ ಪತ್ರ ಬರೆದವು. 2021ರ ಜನವರಿ 1ರಿಂದ ನಿಯಮ ಬದಲಾಯಿತು: ಏಳು ದಿನದ ಮೇಲೆ ವಾಪಸ್ ಬಂದರೆ ರಾಯಲ್ಟಿಗೆ ಕೈಹಚ್ಚುವುದಿಲ್ಲ. ಅಂದರೆ ಏಳು ದಿನದೊಳಗೆ ಕೇಳಿ ಮುಗಿಸಿ ಮರಳಿಸಿದರೆ ಹಳೆಯ ಕಥೆಯೇ. ಹತ್ತು ಗಂಟೆಯ ಪುಸ್ತಕಕ್ಕೆ ಏಳು ದಿನ ಧಾರಾಳವಾಯಿತು.

ಅಂಗಡಿಯ ಹೊರಗೂ ನಿಲ್ಲಬಹುದೆಂದು ತೋರಿಸಿದ್ದು ಬ್ರ್ಯಾಂಡನ್ ಸ್ಯಾಂಡರ್ಸನ್ ಎಂಬ ಫ್ಯಾಂಟಸಿ ಕಾದಂಬರಿಕಾರ. 2022ರ ಮಾರ್ಚ್‌ನಲ್ಲಿ ಅವರು ನಾಲ್ಕು ಕಾದಂಬರಿಗಳಿಗೆ ಕಿಕ್‌ಸ್ಟಾರ್ಟರ್‌ನಲ್ಲಿ ಓದುಗರಿಂದ ನೇರವಾಗಿ 4.17 ಕೋಟಿ ಡಾಲರ್ ಸಂಗ್ರಹಿಸಿದ್ದರು. ಆ ವರ್ಷದ ಕೊನೆಗೆ, ಇವುಗಳ ಆಡಿಯೋಬುಕ್ ಆಡಿಬಲ್‌ಗೆ ಕೊಡುವುದಿಲ್ಲ ಎಂದರು. ಶೇ 40 ಎಂಬುದು ನನ್ನಂಥವನಿಗಲ್ಲ, ಹೊಸಬರಿಗೆ ಅನ್ಯಾಯ ಎಂಬುದು ಅವರ ತಕರಾರು. ಅಷ್ಟೊತ್ತಿಗೆ ಸ್ಪಾಟಿಫೈ ಕೂಡ ಆಡಿಯೋಬುಕ್ ಮಾರಾಟಕ್ಕೆ ಇಳಿದಿತ್ತು. ಹತ್ತು ವರ್ಷ ಅಲ್ಲಾಡದೆ ನಿಂತ ದರವನ್ನು ಆಡಿಬಲ್ 2024ರಲ್ಲಿ ಮುಟ್ಟಿತು. ಲೇಖಕರ ಪಾಲನ್ನು ಏರಿಸಿತು, ಜೊತೆಗೆ ಲೆಕ್ಕ ಹಾಕುವ ರೀತಿಯನ್ನೇ ಬದಲಿಸಿತು: ಇನ್ನು ಮುಂದೆ ಸದಸ್ಯ ಕಟ್ಟಿದ ಚಂದಾ ಅವನು ಏನೇನು ಕೇಳಿದನೋ ಅವುಗಳಲ್ಲಿ ಹಂಚಿಹೋಗುತ್ತದೆ. ಪಾಲು ಹೆಚ್ಚಿತು ಸರಿ, ಯಾವ ಮೊತ್ತದ ಪಾಲು ಎಂದು ಲೇಖಕರು ಈಗ ಕೂಡಿ ಕಳೆದು ನೋಡುತ್ತಿದ್ದಾರೆ.